ಗ್ರೀಸಿನ ಈಸ್ಟರ್

"ಈಸ್ಟರ್ ಯಾವ ಭಾನುವಾರ ಇಡೋಣ ಅಂತ ರೋಮಿನವರು ಪ್ರತಿವರ್ಷ ನನಗೇ ಫೋನ್ ಮಾಡಿ ಕೇಳ್ತಾರೆ, ಅತ್ತಿಗೆ," ಎಂದ ಬೊನಿಫಾಸ್.

ಸೆವ್ರಿನ್ ನಗಲಿಲ್ಲ. ಅವಳೂ ಹಡಗಿನಲ್ಲಿ ದುಡಿಯುವ ಅವಳ ಗಂಡನೂ ಎಲ್ಲೇ ಇರಲಿ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಪೂರ್ತಿ ಮೀನು ಮಾಂಸ ಮುಟ್ಟುತ್ತಿರಲಿಲ್ಲ. ಈಸ್ಟರ್ ದಿನ ಅವನ ಫೋನ್ ಬಂದ ಮೇಲೆಯೇ ಇಬ್ಬರೂ ಒಟ್ಟಿಗೆ ವ್ರತ ಮುರಿಯುವುದು. ಈ ಸಲ ಈಸ್ಟರ್ ಬಂತು, ಹೋಯಿತು, ಫೋನ್ ಬರಲಿಲ್ಲ. ಮಾಡಿಟ್ಟ ಹಂದಿಮಾಂಸ ತಣ್ಣಗಾಯಿತು. ಅವಳು ಗಂಜಿ ಉಂಡಳು.

"ಅಣ್ಣನ ಹಡಗು ಗ್ರೀಸಿನಲ್ಲಿದೆ, ಅಲ್ಲಿ ಈಸ್ಟರ್ ತಡ," ಎಂದು ಮೈದುನ ಅಂದೇ ಸಮಾಧಾನ ಹೇಳಿದ್ದ. "ಅಲ್ಲಿಯವರು ಕೆಂಪು ಮೊಟ್ಟೆಗೆ ಕೆಂಪು ಮೊಟ್ಟೆ ಗುದ್ದಿಸ್ತಾರೆ. ಆ ಸದ್ದಿಗೆ ಸಮುದ್ರದ ಮೀನೆಲ್ಲ ಹಾರಿ ದಡಕ್ಕೆ ಬೀಳ್ತವೆ!"

ಅವಳು ಇನ್ನೊಂದು ತಿಂಗಳು ಗಂಜಿಯಲ್ಲೇ ಕಳೆದಳು. ನಾಲಿಗೆಗೆ ರುಚಿ ಹೋಯಿತು, ಕಣ್ಣಿಗೆ ನೀರು ಬರುವುದೂ ನಿಂತಿತು.

ಇವತ್ತು ಬೊನಿಫಾಸ್ ಹೊಸ ಕತೆ ತೆಗೆದ. "ಹಡಗು ರಷ್ಯಾಕ್ಕೆ ಹೋಯ್ತು, ಅಲ್ಲಿ ಇನ್ನೂ ತಡ. ಆನೆಯೆತ್ತರದ ಕೇಕು ಮಾಡಿ, ಏಣಿ ಹಾಕಿ ತಿನ್ನಬೇಕು..."

"ಫಾದರ್ ಹತ್ರ ಕೇಳಿದೆ ಬೊನಿ. ರಷ್ಯಾದ್ದೂ ಗ್ರೀಸಿನದ್ದೂ ಒಂದೇ ದಿನ. ಅದೂ ನಿನ್ನೆ ಮುಗೀತಂತೆ." ಅವಳ ದನಿ ಏರಲಿಲ್ಲ. "ಕರಿ ಸೀರೆ ತೆಗೆದಿಟ್ಟಿದ್ದೇನೆ. ಹೇಳಿಬಿಡು, ಅವರು ತೀರಿಕೊಂಡ್ರಾ?"

ಬೊನಿಫಾಸ್ ತಲೆ ತಗ್ಗಿಸಿದ.

"ಇಲ್ಲ ಅತ್ತಿಗೆ, ನಾನು ಹೇಳಿದ್ದೆಲ್ಲ ಸುಳ್ಳು. ಅಣ್ಣ ಗೋವಾದಲ್ಲಿದ್ದಾನೆ, ನಮ್ಮ ಈಸ್ಟರ್ ದಿನವೇ ವ್ರತ ಮುರಿದ, ಅಲ್ಲಿಯ ಹೆಂಡತಿಯ ಜೊತೆ."