ಹೆಸರಿನ ಬೆಂಚು

ಬಡಾವಣೆಯ ಚರಿತ್ರೆಯಲ್ಲಿ ಇಷ್ಟು ಗಂಭೀರವಾದ ಪ್ರಶ್ನೆ ಹಿಂದೆಂದೂ ಎದ್ದಿರಲಿಲ್ಲ: ಪಾರ್ಕಿನ ಹೊಂಗೆ ಮರದಡಿಯ ಬೆಂಚು ಯಾರದು?

ನಿವೃತ್ತ ಸರ್ವೇಯರ್ ಸೀತಾಪತಿಯವರ ಪ್ರಕಾರ, ಸೀತಾಪತಿಯವರದು. ಆದರೆ ದಿನಾ ಬೆಳಿಗ್ಗೆ ಅವರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಎದುರು ಮನೆಯ ಗುರುಬಸಪ್ಪ ಅಲ್ಲಿ ಕಾಲು ಚಾಚಿ ಪೇಪರ್ ಓದುತ್ತಿರುತ್ತಿದ್ದರು.

"ಏಳ್ರೀ, ಇದು ನನ್ನ ಜಾಗ."

"ನಿಮ್ಮ ಹೆಸರು ಬರ್ದಿದೆಯೇನ್ರೀ, ಸರ್ವೆ ಸಾಹೇಬ್ರೇ? ಪಹಣಿ ತೋರಿಸಿ, ಏಳ್ತೀನಿ."

ಮಾತು ನೆಟ್ಟಗೆ ಎದೆಗೆ ನಾಟಿತು. ಸೀತಾಪತಿ ಪಾರ್ಕ್ ಸಮಿತಿಯನ್ನು ಒಪ್ಪಿಸಿ, ಹಳೇ ಬೆಂಚು ತೆಗೆಸಿ, ತಾವೇ ಒಂದು ಗ್ರಾನೈಟ್ ಬೆಂಚು ಮಾಡಿಸಿಕೊಟ್ಟರು. "ಒರಗೋ ಕಲ್ಲಿನ ಮೇಲೆ ಸೀತಾಪತಿ ಅಂತ ದೊಡ್ಡದಾಗಿ ಕೆತ್ತಪ್ಪ, ಗೇಟಿನಿಂದಲೇ ಕಾಣ್ಬೇಕು" ಎಂದು ಕಲ್ಲು ಕೆತ್ತುವವನಿಗೆ ಫೋನಿನಲ್ಲೇ ತಾಕೀತು ಮಾಡಿದರು.

ಬೆಂಚು ಬಂದ ಮರುದಿನ ಇನ್ನೂ ಮಬ್ಬಿರುವಾಗಲೇ ಹೋಗಿ, ಒರಗಿ, ಕಾಲ ಮೇಲೆ ಕಾಲು ಹಾಕಿ ಕೂತರು. ಗುರುಬಸಪ್ಪ ಬಂದೊಡನೆ ಗತ್ತಿನಿಂದ ಪಕ್ಕಕ್ಕೆ ವಾಲಿದರು.

"ಓದ್ರೀ, ಗಟ್ಟಿಯಾಗಿ ಓದ್ರೀ!"

ಗುರುಬಸಪ್ಪ ಕನ್ನಡಕ ಏರಿಸಿ ಓದಿದರು: "ದಿವಂಗತ ಸೀತಾಪತಿಯವರ ಸ್ಮರಣಾರ್ಥ."

ಸೀತಾಪತಿ ಕೂತಲ್ಲಿಂದಲೇ ಫೋನ್ ಮಾಡಿದರು. ಕೆತ್ತಿದವನಿಗೆ ಆಶ್ಚರ್ಯವೋ ಆಶ್ಚರ್ಯ. "ಪಾರ್ಕ್ ಬೆಂಚಿಗೆ ಎಲ್ರೂ ಹಂಗೇ ಹಾಕ್ಸೋದು ಸಾರ್. ನೀವು ಅವರ ಮಗ ಅಲ್ವಾ?"

ಗುರುಬಸಪ್ಪ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. "ಪುಣ್ಯಾತ್ಮ, ಬದುಕಿದ್ದಷ್ಟು ದಿನ ಯಾರಿಗೂ ಜಾಗ ಬಿಡಲಿಲ್ಲ. ಈಗಲಾದ್ರೂ ಸ್ವಲ್ಪ ಸರ್ಕೊಳ್ಳಿ."

ದಿವಂಗತರು ಸರಿದು ಕೂತರು.