ಒಳಗೆ ಬಿಡದ ತಾಯಿ

ದೀಪಾಲಿ ಹೊಸ್ತಿಲ ಮೇಲೆ ಅಡ್ಡ ನಿಂತಳು. ಎರಡೂ ಕೈ ಬಾಗಿಲ ಚೌಕಟ್ಟಿಗೆ ಊರಿದ್ದಳು.

"ಯಾರಿಗರೆ ತೋರಿಸ್ತೀನಿ. ನನ್ನ ಮಗಳನ್ನ ನಿಮಗ ತೋರ್ಸೂದಿಲ್ರಿ, ಸುಂದರಾಬಾಯಾರ."

ತನ್ನ ಹೆಸರು ಇವಳಿಗೆ ಹೇಗೆ ಗೊತ್ತು ಎಂದು ಸುಂದರಾಬಾಯಿ ಯೋಚಿಸಲಿಲ್ಲ. ಕಾಗವಾಡ, ಅಥಣಿ ಸೀಮೆಗೆಲ್ಲ ಗೊತ್ತಿದ್ದ ಹೆಸರು ಅದು. ಏಟು ತಿನ್ನುವ, ಉಪವಾಸ ಬೀಳುವ ಮಕ್ಕಳಿಗಾಗಿ ಸ್ವಂತ ಇಚ್ಛೆಯಿಂದ ಓಡಾಡತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು.

ಬೆಳಿಗ್ಗೆ ಮಕ್ಕಳ ಸಹಾಯವಾಣಿಯಿಂದ ಸುದ್ದಿ ಬಂದಿತ್ತು. ಜುಗೂಳದಲ್ಲಿ ಏಳು ವರ್ಷದ ಹುಡುಗಿ, ತೋಳಿನ ಮೇಲೆ ಸುಟ್ಟ ಗಾಯ. ಕರೆ ಮಾಡಿದವರು ಹೆಸರು ಹೇಳಿರಲಿಲ್ಲ. ಪೊಲೀಸರೂ ಬರುವವರಿದ್ದರು. ಅವರಿಗಿಂತ ಮೊದಲೇ ಮುಟ್ಟಬೇಕೆಂದು ಸುಂದರಾಬಾಯಿ ಬಸ್ಸಿಳಿದು ಕಬ್ಬಿನ ಹೊಲದ ದಾರಿಯಲ್ಲಿ ಬಿರಬಿರನೆ ನಡೆದು ಬಂದಿದ್ದರು.

ತಾಯಿಯ ಬೆನ್ನ ಹಿಂದಿನಿಂದ ಹುಡುಗಿ ಇಣುಕಿದಳು. ತೋಳಿಗೆ ಅರಿಷಿಣ ಮೆತ್ತಿತ್ತು. ದೀಪಾಲಿ ಸರಕ್ಕನೆ ಅವಳನ್ನು ಹಿಂದಕ್ಕೆ ಸರಿಸಿದಳು.

ಸುಟ್ಟವಳು ಇವಳೇ, ಎಂದುಕೊಂಡರು ಸುಂದರಾಬಾಯಿ.

"ಯಾರವ್ವಾ ಸುಟ್ಟವರು?"

"ಇಕಿ ಅಪ್ಪ. ಫೋನ್ ಮಾಡಿದಾಕಿ ನಾನ."

ಸುಂದರಾಬಾಯಿ ತಬ್ಬಿಬ್ಬಾದರು. "ಮತ್ತ ನನಗ್ಯಾಕ ಅಡ್ಡ ನಿಂತಿ?"

"ಪೊಲೀಸ್ರು ಬರ್ಲಿ. ಅವರ ಕೂಡ ಮಾತಾಡ್ತೀನಿ."

"ಪೊಲೀಸ್ರು, ಕೋರ್ಟು ಅಂದ್ರ ಸಂಸಾರ ಮುರೀತೈತಿ, ತಂಗಿ. ನಿನ್ನ ಗಂಡಗ ನಾ ತಿಳಿಸಿ ಹೇಳ್ತೀನಿ."

ದೀಪಾಲಿ ಕದಲಲಿಲ್ಲ. ಸುಂದರಾಬಾಯಿ ದನಿಯನ್ನು ಮೆತ್ತಗೆ ಮಾಡಿದರು.

"ಇವನಕಿಂತ ಕೆಟ್ಟವರನ್ನ ತಿದ್ದೀನಿ. ಐಗಳ್ಯಾಗ ಮುರಗೆಪ್ಪ ಅಂತ ಒಬ್ಬ ಇದ್ದ. ಒಂಬತ್ತು ವರ್ಷದ ಮಗಳನ್ನ ದನಕ್ಕ ಬಡದಂಗ ಬಡೀತಿದ್ದ. ಹುಡುಗಿ ನನ್ನ ಮುಂದ ಎಲ್ಲಾ ಬಾಯಿ ಬಿಟ್ಟಳು. ನಾ ಅವನನ್ನ ಎದುರಿಗೆ ಕುಂದರಿಸಿಕೊಂಡು, ನಿನ್ನ ಮಗಳು ಹಿಂಗ ಹೇಳ್ತಾಳ, ಇದು ಚಲೋ ಅಲ್ಲಪಾ ಅಂದೆ. ಕಣ್ಣೀರು ಹಾಕಿದ. ಕಾಲು ಮುಟ್ಟಿದ. ಮುಂದ ಆ ಹುಡುಗಿ ಎಂದೂ ಒಂದು ದೂರು ಹೇಳಲಿಲ್ಲ."

"ಹ್ಯಾಂಗ ಹೇಳ್ತಾಳ್ರಿ?" ದೀಪಾಲಿಯ ಕೈಗಳು ಚೌಕಟ್ಟಿನ ಮೇಲೆ ಬಿಗಿದವು.

"ಅವತ್ತು ಐಗಳ್ಯಾಗ ನೀವು ಹೊಳ್ಳಿ ಹೋದಕೂಡ್ಲೆ ನಮ್ಮಪ್ಪ ನನ್ನ ನಾಲಿಗಿಗೆ ಬರಿ ಹಾಕಿದ್ನರಿ."