ಕೇಳಿದ್ದ ನ್ಯಾಯ

ಸಮಬಲವಾಗಿದ್ದ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಓವರ್‌ಟೈಮಿನ ಮೊದಲ ಸರದಿಯಲ್ಲೇ ಎದುರಾಳಿ ತಂಡ ಟಚ್‌ಡೌನ್ ಹೊಡೆದು ಅಂಕ ಗಳಿಸಿದಾಗ ಮೈಥಿಲಿ ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟಳು. ಮಗಳ ತಂಡ ಸೋತಿತು, ಆಟ ಮುಗಿಯಿತು, ಸದ್ಯ. ಕಾಲು ಗಂಟೆಯ ಹಿಂದೆ ಇಂಚರಾಳ ತಲೆ ನೆಲಕ್ಕೆ ಬಡಿದಿತ್ತು. ಏನೂ ಆಗಿಲ್ಲವೆಂದು ಅವಳೇನೋ ಕೈ ಬೀಸಿ ಎದ್ದಿದ್ದಳು. ತಾಯಿ ಮಾತ್ರ ಆಗಿನಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಕೂತ್ಕೊಳೇ, ಇನ್ನೂ ಮುಗಿದಿಲ್ಲ," ಎಂದ ಗಂಡ ಸುದರ್ಶನ. "ಅಮೆರಿಕದ ಪ್ರೊಫೆಷನಲ್ ಫುಟ್‌ಬಾಲ್ ರೂಲ್ ಈ ಸಲ ನಮ್ಮ ಲೀಗಲ್ಲೂ ಬಂದಿದೆಯಲ್ಲ. ಅವರು ಸ್ಕೋರ್ ಮಾಡಿದ್ರೂ ನಮಗೊಂದು ಛಾನ್ಸ್ ಇದೆ. ನೀನೇ ತಾನೆ ಇಮೇಲ್ ಬರೆದಿದ್ದು?"

ಅವಳೇ ಬರೆದಿದ್ದಳು. ಹೋದ ವರ್ಷ ಟಾಸ್ ಗೆದ್ದವರು ಮೊದಲ ಸರದಿಯಲ್ಲೇ ಆಟ ಮುಗಿಸಿದ್ದರಿಂದ ಇಂಚರಾಳ ತಂಡ ಚೆಂಡು ಮುಟ್ಟದೆಯೇ ಸೋತಿತ್ತು. ಕೆಲ್ಲಿವಿಲ್‌ನ ಮನೆ ತಲುಪುವವರೆಗೂ ಮಗಳು ಕಾರಿನಲ್ಲಿ ಅತ್ತಿದ್ದಳು. ಇದೆಂಥ ಅನ್ಯಾಯ ಎಂದು ಮರುದಿನವೇ ಮೈಥಿಲಿ ಲೀಗಿನವರಿಗೆ ಎರಡು ಪುಟ ಬರೆದು ಕಳಿಸಿದ್ದಳು.

ಕೇಳಿದ್ದ ನ್ಯಾಯ ಈಗ ಸಿಕ್ಕಿತ್ತು. ಮೈದಾನದಂಚಿನಲ್ಲಿ ಇಂಚರಾ ಹೆಲ್ಮೆಟ್ಟಿನ ಗಲ್ಲದ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಎಡಗಡೆಯ ಬಟನ್ ಕೂತಿತು. ಬಲಗಡೆಯದು ಸಿಗದೆ ಬೆರಳುಗಳು ಕೆನ್ನೆಯ ಪಕ್ಕದ ಗಾಳಿಯಲ್ಲಿ ತಡಕಾಡಿದವು; ಮತ್ತೊಮ್ಮೆ ತಡಕಾಡಿದವು. ಮೈಥಿಲಿ ಬೇಲಿಯ ಬಳಿಗೆ ಓಡಿದಳು. ಅತ್ತ ಕೋಚ್ ಕೂಗುತ್ತಿದ್ದರು. ಮಗಳು ತಾಯಿಯ ಮುಂದೆ ಬಂದು ಗಲ್ಲ ಎತ್ತಿದಳು.

"ಅಮ್ಮಾ, ಕ್ವಿಕ್, ಇದೊಂದು ಹಾಕ್ಕೊಡು."

ಮೈಥಿಲಿ ಕೈ ಚಾಚಿ ಎಡಗಡೆಯ ಬಟನ್ನನ್ನೂ ಬಿಚ್ಚಿದಳು.